ಭರಣಿಯೊಳಗಿನ ಮನೆ

ಭರಣಿಗಳು ಮಾತಾಡುತ್ತವೆ ಎಂದು ಗೊತ್ತಾದ ಮೇಲೆ ಮಾತು ಕಡಿಮೆ ಮಾಡಿದವರು ಮನುಷ್ಯರು.

ಅದಕ್ಕೂ ಮುಂಚೆ, ಒಲೆಯ ಪಕ್ಕದ ಹಲಗೆಯ ಮೇಲೆ ಉಪ್ಪಿನಕಾಯಿ ತುಂಬಿಕೊಂಡು ಕೂತಿರುತ್ತಿದ್ದ ಚೀನಿಮಣ್ಣಿನ ಭರಣಿಗೆ ಯಾರೂ ಅಂಜಿದವರಲ್ಲ. ಕೆಳಗೆ ಬಿಳಿ, ಮೇಲೆ ಕಂದು ಬಣ್ಣದ ಆ ಗುಂಡು ಪಾತ್ರೆಯ ಎದುರಿಗೇ ಜನ ಜಗಳಾಡಿದ್ದರು, ಅತ್ತಿದ್ದರು, ಕೂಸುಗಳನ್ನು ಮಲಗಿಸಿದ್ದರು, ನೆರೆಮನೆಯವರನ್ನು ಆಡಿಕೊಂಡಿದ್ದರು. ಹೀಗಿರುವಾಗ ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಯಾರೋ ಹಳೆಯ ಭರಣಿಯ ಮೆರುಗಿನಲ್ಲಿದ್ದ ಕೂದಲೆಳೆಯಂಥ ಬಿರುಕುಗಳನ್ನು ಲೇಸರ್ ಬೆಳಕಿನಲ್ಲಿ ಪರೀಕ್ಷಿಸುತ್ತಿದ್ದರು. ಯಂತ್ರಕ್ಕೆ ಜೋಡಿಸಿದ್ದ ಸ್ಪೀಕರಿನಿಂದ, ಬಹಳ ದೂರದಿಂದ, ನೀರಿನ ಅಡಿಯಿಂದ ಬಂದಂತೆ ಒಂದು ಹೆಣ್ಣುದನಿ ಕೇಳಿಸಿತು: “ತಾಟು ಹಾಕೀನಿ, ಬರ್ರಿ.”

ಇದರ ಹಿಂದಿನ ವಿಜ್ಞಾನ ತೀರ ಕಠಿಣದ್ದೇನಲ್ಲ. ಒಲೆಯ ಕಾವಿಗೆ ಭರಣಿಯ ಮೆರುಗು ಹಗಲು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ, ಇರುಳು ತಣ್ಣಗಾದಾಗ ಕುಗ್ಗುತ್ತದೆ. ಆ ಹಿಗ್ಗು ಕುಗ್ಗುಗಳ ನಡುವೆ ಸೂಕ್ಷ್ಮ ಬಿರುಕುಗಳು ಹುಟ್ಟುತ್ತವೆ. ಬಿರುಕು ಬೆಳೆಯುವ ಕ್ಷಣದಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಆ ದನಿಯ ನಡುಕ ಬಿರುಕಿನ ಅಂಚಿಗೆ ಅಂಟಿಕೊಂಡುಬಿಡುತ್ತದೆ. ಬೇಸಿಗೆಯದು ಒಂದು ಪದರ, ಚಳಿಗಾಲದ್ದು ಇನ್ನೊಂದು. ಮರದ ಕಾಂಡದೊಳಗಿನ ಉಂಗುರಗಳ ಹಾಗೆ. ಎಲ್ಲ ಮಾತೂ ಉಳಿಯುವುದಿಲ್ಲ. ಯಾವುದು ಉಳಿಯಬೇಕು ಎಂದು ಭರಣಿಗೂ ಗೊತ್ತಿರುವುದಿಲ್ಲ. ಮದುವೆಯ ದಿನದ ಗದ್ದಲವೆಲ್ಲ ಅಳಿಸಿ, ಯಾವಳೋ ತನ್ನಷ್ಟಕ್ಕೆ ತಾನೇ “ಉಪ್ಪು ಹಾಕಿದ್ನೋ ಇಲ್ಲೋ” ಎಂದು ಗೊಣಗಿದ್ದು ಮಾತ್ರ ಉಳಿದಿರಬಹುದು.

ಅಂಥ ಗೊಣಗಾಟಕ್ಕೇ ಜನ ಮುಗಿಬಿದ್ದರು. ‘ಕೂಗುಕಟ್ಟೆ’ ಎಂಬ ಆನ್‌ಲೈನ್ ಹರಾಜಿನಲ್ಲಿ ಭರಣಿಗಳಿಗೆ ಬಂದ ಬೆಲೆ ಬೆಳ್ಳಿಗೂ ಬರಲಿಲ್ಲ. ಕೊಂಡವರು ಭರಣಿಯನ್ನು ಲೇಸರ್, ಸ್ಪೀಕರ್ ಜೋಡಿಸಿದ ಸಣ್ಣದೊಂದು ತಿರುಗುಮಣೆಯ ಮೇಲೆ ಇಟ್ಟು, ಸಂಜೆ ದೀಪ ಆರಿಸಿ, ಬೇರೆಯವರ ಮನೆಯನ್ನು ಕೇಳುತ್ತ ಕೂರುತ್ತಿದ್ದರು. ಕೇಳುತ್ತಲೇ ಹಲವರು ನಿದ್ದೆಹೋಗುತ್ತಿದ್ದರು. ಒಬ್ಬಂಟಿಗರಿಗೆ ಅದರಷ್ಟು ಹಿತವಾದ ನಿದ್ದೆ ಬೇರೆ ಇರಲಿಲ್ಲವಂತೆ.

ನೀಲಾಂಬಿಕಾ ಕೂಗುಕಟ್ಟೆಯ ಧಾರವಾಡದ ಕಚೇರಿಯಲ್ಲಿ ಭರಣಿಗಳನ್ನು ಆಲಿಸುವ ಕೆಲಸಕ್ಕಿದ್ದಳು. ಹರಾಜಿಗೆ ಬಂದ ಪ್ರತಿ ಭರಣಿಯೂ ಅವಳ ಕೋಣೆ ಹಾದೇ ಹೋಗಬೇಕಿತ್ತು. ಮಾರುವವರು ಎರಡು ಬಗೆ. ಮನೆ ಖಾಲಿ ಮಾಡುವಾಗಲೋ, ಅಜ್ಜಿ ತೀರಿಕೊಂಡ ಮೇಲೋ ಇದ್ದ ಒಂದು ಭರಣಿಯನ್ನು ಮಾರಿ ಮತ್ತೆ ಈ ಕಡೆ ತಲೆ ಹಾಕದವರು ಮನೆಮಂದಿ. ಊರೂರು ತಿರುಗಿ ಕೊಂಡು ತಂದು, ತೊಳೆದು, ಬಿಳಿ ಬಟ್ಟೆಯ ಮೇಲೆ ಇಟ್ಟು ಚೆಂದದ ಫೋಟೋ ತೆಗೆದು ಮಾರುವವರು ಅಂಗಡಿಮಂದಿ. ಎರಡಕ್ಕೂ ಬೇರೆ ಬೇರೆ ಮುದ್ರೆ. ಮನೆಮಂದಿಯ ಮುದ್ರೆ ಬಿದ್ದ ಭರಣಿಗೆ ಜನ ಕಣ್ಣುಮುಚ್ಚಿ ಬೆಲೆ ಕೂಗುತ್ತಿದ್ದರು. ಅಂಗಡಿಮಂದಿಯ ಮುದ್ರೆ ಕಂಡರೆ ಮೂಗು ಮುರಿಯುತ್ತಿದ್ದರು. ಯಾಕೆಂದರೆ ಅಂಗಡಿಮಂದಿಯಲ್ಲಿ ಕೆಲವರು ಹೊಸ ಭರಣಿ ತಂದು, ಒಲೆಯ ಮುಂದೆ ಇಟ್ಟು, ಕೂಲಿಗೆ ಕರೆತಂದವರನ್ನು ನಗಿಸಿ, ಹಾಡಿಸಿ, ‘ಸಾಕಿದ ಭರಣಿ’ಗಳನ್ನು ಮಾರತೊಡಗಿದ್ದರು. ಆಮೇಲಾಮೇಲೆ ಅವರು ಇನ್ನೂ ಜಾಣರಾದರು. ಫೋಟೋವನ್ನು ಬೇಕೆಂದೇ ಅಲುಗಾಡಿಸಿ ತೆಗೆಯುವುದು, ಚೌಕಟ್ಟಿನಲ್ಲಿ ಅರ್ಧ ಚಪ್ಪಲಿ ಕಾಣುವಂತೆ ಮಾಡುವುದು, ‘ನಮ್ಮ ಅಜ್ಜಿದು ಜಾಗಾ ಇಲ್ಲ ಅಂತ ಮಾರಾಕತ್ತೀವಿ’ ಎಂದು ತಪ್ಪು ತಪ್ಪಾಗಿ ಬರೆಯುವುದು. ಮನೆಮಂದಿಯ ವೇಷ ಹಾಕುವುದೇ ಒಂದು ವಿದ್ಯೆಯಾಗಿಬಿಟ್ಟಿತ್ತು.

ವೇಷ ಕಳಚುವವಳು ನೀಲಾ. ಸಾಕಿದ ಭರಣಿಯ ನಗುವಿನಲ್ಲಿ ಉಸಿರು ಬೇರೆ ಇರುತ್ತದೆ ಎಂದು ಅವಳು ಹೇಳುತ್ತಿದ್ದಳು. ನಗುವ ಮೊದಲೇ ನಗಬೇಕೆಂದು ಗೊತ್ತಿರುವವರು ಸ್ವಲ್ಪ ಮುಂಚೆ ಉಸಿರು ಎಳೆದುಕೊಳ್ಳುತ್ತಾರಂತೆ.

ಒಂದು ಮಧ್ಯಾಹ್ನ ಅವಳ ಮೇಲಧಿಕಾರಿ ವಿಶ್ವಂಭರ ಇನಾಮದಾರರು ತಾವೇ ಒಂದು ಭರಣಿಯನ್ನು ಎದೆಗವಚಿಕೊಂಡು ಆಲಿಸುವ ಕೋಣೆಗೆ ಬಂದರು.

“ನೀಲಾ ಅವ್ರ, ಇದು ಬಾಗಲಕೋಟಿ ರಾಚವ್ವ ಕಟಗೇರಿ ಅವ್ರದು. ಮನಿಮಂದಿ ಅಂತ ಹಾಕ್ಯಾರ.”

“ಮತ್ತ ರಾಚವ್ವನ? ಹೋದ ತಿಂಗಳಾನೂ ಕಳಿಸಿದ್ರಲ್ರೀ.”

“ಅದಽ ತ್ರಾಸ ಆಗ್ಯದ. ಒಂದು ಮನಿಯೊಳಗ ಎಷ್ಟು ಬರಣಿ ಇರ್ತಾವು? ಅಂಗಡಿಮಂದಿ ಎಲ್ಲಾ ಕೂಡಿ ಬಂದು ಕೂತಾರ, ‘ಅಕಿ ನಮ್ಮಾಕಿನ, ನಮಗೊಂದು ಮುದ್ರಿ ಅಕಿಗೊಂದು ಮುದ್ರಿ ಯಾಕ’ ಅಂತ. ಆದ್ರ ಅಕಿ ಬರಣಿ ಕೊಂಡವರು ಮಾತ್ರ ಇನ್ನೊಂದು ಕೊಡ್ರಿ ಅಂತ ಗಂಟು ಬೀಳ್ತಾರ. ನೀವು ಎಲ್ಲಾ ಪದರಾ ಕೇಳ್ರಿ. ಕೇಳಿ ಒಂದು ಮುದ್ರಿ ಹೊಡೀರಿ. ಯಾವುದಾದರೂ ಸರಿ, ಆದ್ರ ಖರೇದು ಇರಬೇಕು.”

ನೀಲಾ ಈ ಹಿಂದೆ ರಾಚವ್ವನ ಭರಣಿಗಳಿಗೆ ಮನೆಮಂದಿಯ ಮುದ್ರೆಯನ್ನೇ ಹಾಕಿದ್ದಳು. ಆಗೆಲ್ಲ ನಿಯಮದಂತೆ ಮೇಲಿನ ಪದರಗಳನ್ನಷ್ಟೇ ಕೇಳಿದ್ದಳು. ಕೊಂಡವರೂ ತಳದ ತನಕ ಇಳಿಯುತ್ತಿದ್ದುದು ಅಪರೂಪ. ಆ ಪದರಗಳಲ್ಲಿ ಅನುಮಾನ ಪಡುವಂಥದ್ದು ಏನೂ ಇರಲಿಲ್ಲ. ಅಕ್ಕ ಎನ್ನುವ ಒಬ್ಬಳು, ಅಕ್ಕನನ್ನು ರೇಗಿಸುವ ಹಸೀನಾ ಎಂಬ ಇನ್ನೊಬ್ಬಳು, ಕೆಮ್ಮುತ್ತ ಕಥೆ ಹೇಳುವ ಒಬ್ಬ ಮುದುಕ. ರೊಟ್ಟಿ ಬಡಿಯುವ ಸದ್ದು. ಎಲ್ಲದರ ಹಿಂದೆ ಹೊಸ್ತಿಲಿಗೆ ನೀರು ಬಡಿಯುವಂಥ ಒಂದು ಸಪ್ಪಳ. ಉಸಿರು ಎಲ್ಲೂ ಮುಂಚೆ ಎಳೆದದ್ದಲ್ಲ. ಅವಳಿಗೇ ಆ ಮನೆಯ ಮೇಲೆ ಮೋಹ ಹುಟ್ಟಿತ್ತು. ಕೆಲಸ ಮುಗಿದ ಮೇಲೂ ಒಮ್ಮೊಮ್ಮೆ ಕಣ್ಣು ಮುಚ್ಚಿ ಕೇಳುತ್ತ ಕೂತದ್ದಿತ್ತು.

ಅವಳ ಸ್ವಂತ ಮನೆಯಲ್ಲಿ ಅಷ್ಟು ಸದ್ದಿರಲಿಲ್ಲ. ಸಂಜೆ ಮನೆಗೆ ಬಂದರೆ ಅತ್ತೆ ಗುರವ್ವ ಅಡುಗೆಮನೆಯಲ್ಲಿ ಭರಣಿಯ ಕಡೆ ಮುಖ ಮಾಡಿ ನಿಂತು, ರಾಗವಾಗಿ, “ನಮ್ಮ ಸೊಸಿ ಬಾಳ ಶ್ಯಾಣೇಕಿ, ನಮ್ಮ ಮನಿ ಅಂದ್ರ ನಂದನವನ” ಎನ್ನುತ್ತಿದ್ದಳು.

“ಅತ್ತಿ, ಯಾರ ಕೂಡ ಮಾತಾಡಾಕತ್ತೀರಿ?”

“ಶ್! ಸಾವಕಾಶ ಮಾತಾಡವ್ವಾ. ಬರಣಿ ಕೇಳತೈತಿ. ನಾಳೆ ಮಾರೂದು ಬಂದ್ರ ಛಲೋ ಮಾತು ಇರಬೇಕಿಲ್ಲ?”

ಊರಿಗೆ ಊರೇ ಹೀಗಾಗಿತ್ತು. ಬೈಯಬೇಕಾದರೆ ಜನ ಮಾಳಿಗೆ ಹತ್ತುತ್ತಿದ್ದರು. ನೀಲಾ ಮತ್ತು ಗಂಡ ಮಹಾಂತೇಶ ಕೂಡ ಮೊದಮೊದಲು ಮಾಳಿಗೆಯ ಮೇಲೆ ಜಗಳಾಡಿದರು. ಜಗಳಕ್ಕೆಂದು ಅಷ್ಟು ಮೆಟ್ಟಿಲು ಹತ್ತುವುದು ಬೇಸರವಾಗಿ ಕ್ರಮೇಣ ಜಗಳ ಬಿಟ್ಟರು. ಜಗಳದ ಜೊತೆ ಮತ್ತೇನೇನೋ ಬಿಟ್ಟುಹೋಯಿತು. ಈಗ ಊಟಕ್ಕೆ ಕೂತರೆ “ಪಲ್ಲೆ ಛಲೋ ಆಗೇತಿ” ಎಂದು ಮಹಾಂತೇಶ ಹೇಳುತ್ತಿದ್ದ. “ಇನ್ನ ಸ್ವಲ್ಪ ಹಾಕ್ಲೇನ್ರೀ” ಎಂದು ನೀಲಾ ಕೇಳುತ್ತಿದ್ದಳು. ಅಷ್ಟೇ. ಇಬ್ಬರೂ ಹೇಳುವ ಮೊದಲು ಸ್ವಲ್ಪ ಉಸಿರು ಎಳೆದುಕೊಳ್ಳುತ್ತಿದ್ದರು.

ಮರುದಿನ ಬೆಳಿಗ್ಗೆ ನೀಲಾ ರಾಚವ್ವನ ಭರಣಿಯನ್ನು ತಿರುಗುಮಣೆಯ ಮೇಲಿಟ್ಟು ಕೋಣೆಯ ಬಾಗಿಲು ಹಾಕಿದಳು. ಕೆಂಪು ಬೆಳಕಿನ ಎಳೆಯೊಂದು ಭರಣಿಯ ಹೊಟ್ಟೆಯ ಮೇಲೆ ನಿಧಾನ ಹರಿದಾಡಿತು. ಈ ಸಲ ಅವಳು ಮೇಲಿನಿಂದ ಕೆಳಗೆ ಇಳಿಯಲಿಲ್ಲ, ನೇರ ತಳದ ಪದರಕ್ಕೇ ಹೋದಳು.

ಮೊದಲು ನೀರಿನ ಸಪ್ಪಳ. ಆಮೇಲೆ ಅದೇ ಮುದುಕನ ದನಿ. ಆದರೆ ಗಟ್ಟಿಯಾಗಿ, ರಂಗದ ಮೇಲಿನಿಂದ ಎಂಬಂತೆ: “ನಗ್ರಿ ತಾಯಿ, ಹೊಟ್ಟಿಂದ ನಗ್ರಿ! ಇದೇನು ಕೆಮ್ಮೋ ನಗಿಯೋ? ಹಸೀನಾಬಾಯಾರ, ‘ಅಕ್ಕಾ, ರೊಟ್ಟಿ ಸೀದಾವು’ ಅಂತ ಮತ್ತೊಮ್ಮೆ ಹೇಳ್ರಿ.”

ಹಸೀನಾಳ ದನಿ ಪಾಠ ಒಪ್ಪಿಸುವ ಹುಡುಗಿಯಂತೆ ಹೇಳಿತು: “ಅಕ್ಕಾ, ರೊಟ್ಟಿ ಸೀದಾವು.”

“ನೀವು ಈಗ ಬೈಬೇಕ್ರಿ ರಾಚವ್ವಾರ.”

“ಏನಂತ ಬೈಲಿ? ಅವರ ಪರಿಚಯಾನ ಇಲ್ಲ ನನಗ.”

ನೀಲಾ ಮಣೆಯನ್ನು ನಿಲ್ಲಿಸಿದಳು. ಇದು ಸಾಕಿದ ಭರಣಿ. ರಾಚವ್ವ ಅಂಗಡಿಯ ಹೆಂಗಸು, ಹಸೀನಾ ಕೂಲಿಗೆ ಬಂದವಳು, ಮುದುಕ ಯಾವುದೋ ನಾಟಕ ಕಂಪನಿಯ ನಟ. ತನ್ನ ಕಿವಿಯನ್ನೇ ನಂಬಿ ಎಷ್ಟೋ ಜನ ಕೊಂಡಿದ್ದರು. ಅಂಗಡಿಮಂದಿಯ ಮುದ್ರೆಯನ್ನು ಎತ್ತಿಕೊಂಡಳು. ಹೊಡೆದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಮೇಲಿನ ಪದರಗಳಲ್ಲಿ ತಾನು ಕೇಳಿದ್ದ ಉಸಿರು ಸುಳ್ಳಾಗಿರಲಿಲ್ಲ. ಅದು ಎಲ್ಲಿಂದ ಬಂತು? ಮುದ್ರೆ ಕೆಳಗಿಟ್ಟು ಅವಳು ಮಣೆಯನ್ನು ಮತ್ತೆ ತಿರುಗಿಸಿದಳು.

ಪದರದಿಂದ ಪದರಕ್ಕೆ ಏರುತ್ತ ಹೋದಂತೆ ಮಾತು ಬದಲಾಗುತ್ತಿತ್ತು. ‘ಹಸೀನಾಬಾಯಾರ’ ಎನ್ನುತ್ತಿದ್ದ ರಾಚವ್ವ ಒಂದು ಚಳಿಗಾಲ ‘ಹಸೀನಾ’ ಎಂದಳು. ಮುಂದಿನ ಬೇಸಿಗೆಗೆ ಅದು ‘ಏ ಹುಚ್ಚೀ’ ಆಯಿತು. ‘ನೀವು’ ಹೋಗಿ ‘ನೀ’ ಬಂತು. ನಿರ್ದೇಶಿಸುವ ದನಿ ಮೆಲ್ಲಗೆ ಕಡಿಮೆಯಾಗಿ, ಅದೇ ಬಾಯಿ ಕಥೆ ಹೇಳತೊಡಗಿತು. ಒಂದು ಕಡೆ ಇಬ್ಬರೂ ನಿಜವಾಗಿ ಜಗಳಾಡಿದರು. ಯಾರೋ ತಾಟು ಎಸೆದರು. ಅದರ ಮೇಲಿನ ಪದರದಲ್ಲಿ ಬಹಳ ಹೊತ್ತು ಮಾತೇ ಇರಲಿಲ್ಲ. ಆಮೇಲೆ ರಾಚವ್ವನ ದನಿ, ಸಣ್ಣಗೆ: “ಉಣ್ಣ ಬಾರಽ. ನೀ ಉಣ್ಣಲಿಲ್ಲಂದ್ರ ನನಗೂ ಇಳಿಯಂಗಿಲ್ಲ.”

ಇನ್ನೂ ಮೇಲೆ ಮುದುಕನ ಕೆಮ್ಮು ಹೆಚ್ಚಾಯಿತು. ‘ದತ್ತೋಬಾ ಅವರ’ ಎನ್ನುತ್ತಿದ್ದ ಇಬ್ಬರೂ ಈಗ ‘ಅಪ್ಪಾ’ ಎನ್ನುತ್ತಿದ್ದರು. ಗಂಜಿ ಕುಡಿಸುವ ಸದ್ದು. ಕಷಾಯಕ್ಕೆ ಕುಟ್ಟುವ ಸದ್ದು. ಎಲ್ಲಕ್ಕಿಂತ ಮೇಲಿನ ತೆಳು ಪದರದಲ್ಲಿ ಮುದುಕನಿರಲಿಲ್ಲ. ನೀರಿನ ಸಪ್ಪಳದ ಹಿಂದೆ ಇಬ್ಬರು ಹೆಂಗಸರು ಅಳುತ್ತಿದ್ದರು.

ನೀಲಾ ಕೋಣೆಯಿಂದ ಹೊರಗೆ ಬಂದಾಗ ಬಿಸಿಲು ಅವಳಿಗೆ ಅಪರಿಚಿತವಾಗಿ ಕಂಡಿತು. ಇನಾಮದಾರರು ಮುಖ ನೋಡಿ ಕೇಳಿದರು: “ಏನಾತ್ರಿ?”

“ಅಂಗಡಿಮಂದಿ ಹೌದ್ರಿ ಸರ್. ಆದ್ರ…”

“ಆದ್ರ ಏನ?”

“ಮನಿನೂ ಹೌದು. ನಾ ಒಮ್ಮೆ ಹೋಗಿ ನೋಡಿ ಬರ್ತೇನ್ರಿ.”

ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳು ಅಣೆಕಟ್ಟಿನ ಹಿನ್ನೀರಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ಜನ ನವನಗರಕ್ಕೆ ಹೋಗಿ ಮನೆ ಕಟ್ಟಿಕೊಂಡಿದ್ದರು. ನೀರಿನ ಅಂಚಿನಲ್ಲಿ ಉಳಿದಿದ್ದ ಕೆಲವು ಮನೆಗಳು ಮಳೆಗಾಲದ ಕೊನೆಗೆ ಮೊಣಕಾಲುದ್ದ ನೀರಿನಲ್ಲಿ ನಿಂತು, ಬೇಸಿಗೆಗೆ ಮತ್ತೆ ಒಣಗುತ್ತಿದ್ದವು. ನೀಲಾ ಹೋದ ದಿನ ಗಾಳಿ ಇರಲಿಲ್ಲ. ಓಣಿ ಇಳಿಜಾರಾಗಿ ಹೋಗಿ ಹೋಗಿ ನೀರೊಳಗೆ ಇಳಿದುಬಿಟ್ಟಿತ್ತು. ನೀರಿನಡಿಯಲ್ಲಿ ಕಟ್ಟೆಗಳು, ಒಂದು ತುಳಸಿಕಟ್ಟೆಯ ಕಲ್ಲು ಹಸಿರಾಗಿ ಕಾಣುತ್ತಿದ್ದವು. ಮೀನೊಂದು ಯಾರದೋ ಹೊಸ್ತಿಲು ದಾಟಿ ಒಳಗೆ ಹೋಯಿತು. ಓಣಿಯ ಕೊನೆಯಲ್ಲಿ, ಕೆಳಗಿನ ಮೆಟ್ಟಿಲಿಗೆ ನೀರು ಬಡಿಯುತ್ತಿದ್ದ ಮನೆ. ನೀಲಾ ಕಣ್ಣು ಮುಚ್ಚಿದಳು. ಅದೇ ಸಪ್ಪಳ. ಕಾಲಿಟ್ಟೇ ಇರದ ಊರಿನಲ್ಲಿ ತನ್ನ ತವರುಮನೆಗೆ ಬಂದ ಹಾಗಾಯಿತು ಅವಳಿಗೆ.

ಬಾಗಿಲಿಗೆ ಬಂದವಳು ರಾಚವ್ವ. ದಪ್ಪ ಕುಂಕುಮ, ಇಳಕಲ್ ಸೀರೆ, ಬಂದವರನ್ನು ಒಂದೇ ನೋಟಕ್ಕೆ ತೂಗುವ ವ್ಯಾಪಾರದ ಕಣ್ಣು. ಕೂಗುಕಟ್ಟೆಯಿಂದ ಎಂದ ಕೂಡಲೇ ಅವಳ ಮಾತು ಶುರುವಾಯಿತು.

“ಬರ್ರಿ ಬರ್ರಿ. ನಮ್ಮ ಮುತ್ತ್ಯಾನ ಕಾಲದ ಮನಿ ನೋಡ್ರಿ ಇದು. ಒಳಗಿನಾಕಿ ನನ್ನ ಸ್ವಂತ ತಂಗಿ ಇದ್ದಂಗ. ಬರಣಿ ಎಲ್ಲಾ ನಮ್ಮ ಅಜ್ಜಿದು…”

ಒಳಗಿನಿಂದ ಬಂದ ಹಸೀನಾ ತೆಳ್ಳಗಿದ್ದಳು. ಕೈಯಲ್ಲಿ ಹಿಟ್ಟು. ಅವಳು ಒಂದು ಚಾಪೆ ಹಾಸಿದಳು.

ನೀಲಾ ವಾದ ಮಾಡಲಿಲ್ಲ. ಭರಣಿಯ ದನಿ ತುಂಬಿಸಿಕೊಂಡು ತಂದಿದ್ದ ಸಣ್ಣ ಯಂತ್ರವನ್ನು ಚೀಲದಿಂದ ತೆಗೆದು ಚಾಪೆಯ ಮೇಲಿಟ್ಟಳು. “ನಿಮ್ಮ ಬರಣಿ ತಳದಾಗ ಇದು ಐತ್ರಿ” ಎಂದು ಗುಂಡಿ ಒತ್ತಿದಳು.

“ನಗ್ರಿ ತಾಯಿ, ಹೊಟ್ಟಿಂದ ನಗ್ರಿ! ಇದೇನು ಕೆಮ್ಮೋ ನಗಿಯೋ?”

ರಾಚವ್ವ ಯಂತ್ರದ ಕಡೆ ಬಾಗಿದಳು. ಹಸೀನಾ ಹಿಟ್ಟಿನ ಕೈಯನ್ನು ಬಾಯಿಗೆ ಒತ್ತಿಕೊಂಡಳು. ಸಿಕ್ಕಿಬಿದ್ದ ಅಂಜಿಕೆ ಆ ಮುಖಗಳಲ್ಲಿ ಇರಲಿಲ್ಲ. ಸತ್ತ ಮನುಷ್ಯನ ದನಿ ತಿರುಗಿ ಆ ಗೋಡೆಗಳ ನಡುವೆ ಕೇಳಿಸಿತ್ತು, ಅಷ್ಟೇ ಅವರಿಗೆ ಗೊತ್ತಾದದ್ದು.

“ಇನ್ನೊಮ್ಮೆ ಹಚ್ರಿ” ಎಂದಳು ಹಸೀನಾ.

ನೀಲಾ ಇನ್ನೊಮ್ಮೆ ಹಚ್ಚಿದಳು. ಮತ್ತೊಮ್ಮೆ. ಮೂರನೆಯ ಸಲ ರಾಚವ್ವ ಅಳುತ್ತಲೇ ನಕ್ಕುಬಿಟ್ಟಳು. “ಕೆಮ್ಮೋ ನಗಿಯೋ ಅಂತಾನ ನೋಡ, ಆಮ್ಯಾಲೆ ಕೆಮ್ಮಿದಾಂವ ಯಾರ?” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಎಲ್ಲವನ್ನೂ ತಾನೇ ಹೇಳಿದಳು. ಅವಳು ನವನಗರದಲ್ಲಿ ಹಳೆಯ ಸಾಮಾನು ಮಾರುತ್ತಿದ್ದವಳು. ಭರಣಿಯ ಕಾಲ ಬಂದಾಗ ಈ ಮನೆಯನ್ನು ಬಾಡಿಗೆಗೆ ಹಿಡಿದು, ಗಂಡ ಬಿಟ್ಟುಹೋಗಿದ್ದ ಹಸೀನಾಳನ್ನೂ, ನಾಟಕ ಕಂಪನಿ ಮುಳುಗಿ ಬಸ್‌ಸ್ಟ್ಯಾಂಡಿನಲ್ಲಿ ಇದ್ದ ದತ್ತೋಬಾನನ್ನೂ ಕೂಲಿಗೆ ಕರೆದು ತಂದಳು. ಕೆಲಸ ಇಷ್ಟೇ: ದಿನವೂ ಬರುವುದು, ಅಡುಗೆ ಮಾಡುವುದು, ಒಂದು ಮನೆಯವರಂತೆ ಮಾತಾಡುವುದು, ಸಂಜೆ ಕೂಲಿ ತಗೊಂಡು ಹೋಗುವುದು. ಮಂಕು ಫೋಟೋ, ತಪ್ಪು ಬರಹ ಎಲ್ಲ ಅವಳದೇ ಕಲೆ.

“ಒಂದು ದಿನ ಸಂಜಿಮುಂದ ಇಬ್ರೂ ಹೊಂಟು ನಿಂತ್ರು” ಎಂದಳು ರಾಚವ್ವ. “ಮನಿ ಒಮ್ಮಿಗೇ ಖಾಲಿ ಖಾಲಿ ಅನಿಸ್ತು. ಇಲ್ಲೇ ಇರ್ರೆಪಾ ಅಂದೆ. ಉಳದ್ರು. ಯಾವಾಗ ವ್ಯಾಪಾರ ಹೋಗಿ ಸಂಸಾರ ಆತೋ ನನಗ ಗೊತ್ತಾಗ್ಲಿಲ್ರೀ. ಬರಣಿ ಇಡೂದು ಮಾತ್ರ ಬಿಡಲಿಲ್ಲ.”

“ದತ್ತೋಬಾ ಅವರ ದನಿ ಇದ್ದ ಬರಣಿ ಒಂದನ್ನಾದ್ರೂ ನಿಮ್ಮ ಹತ್ರ ಇಟ್ಕೊಂಡೀರೇನು?”

ಇಬ್ಬರೂ ಇಲ್ಲವೆಂದು ತಲೆಯಾಡಿಸಿದರು. ಇಟ್ಟುಕೊಂಡಿರಲಿಲ್ಲ. ಅಪ್ಪನ ನಗು, ಅಪ್ಪನ ಕಥೆ, ಎಲ್ಲವನ್ನೂ ಅವನಿರುವಾಗಲೇ ಮಾರಿ ಆಗಿತ್ತು. ಕೊನೆಯದು ಧಾರವಾಡದಲ್ಲಿ ನೀಲಾಳ ಕೋಣೆಯಲ್ಲಿತ್ತು.

“ಅದನ್ನ ವಾಪಸ್ ತರೂಣು ಅಕ್ಕಾ” ಎಂದಳು ಹಸೀನಾ. “ಮಾರೂದು ಬ್ಯಾಡ.”

ರಾಚವ್ವ ಬಾಗಿಲಾಚೆಯ ನೀರಿನ ಕಡೆ ನೋಡಿದಳು. “ಅಪ್ಪ ಏನಂತಿದ್ದ? ಮುಂದ ಮಂದಿ ಕೂತಿರಬೇಕು, ಇಲ್ಲಂದ್ರ ನನ್ನ ಮಾತು ಗಂಟಲ ದಾಟಂಗಿಲ್ಲ ಅಂತಿದ್ದ. ಅಂವನ್ನ ತಂದು ನಾವಿಬ್ರ ಕೇಳಿ ಅಳಕೋಂತ ಕುಂತ್ರ ಅಂವಗ ಸೇರತೈತೇನು?” ಎಂದು ನೀಲಾಳ ಕಡೆ ತಿರುಗಿದಳು. “ಮಾರ್ರಿ. ಆದ್ರ ಮನಿಮಂದಿ ಅಂತ ಬ್ಯಾಡ. ನಾ ಅಂಗಡಿ ಹೆಣಮಗಳು. ಇಷ್ಟು ದಿನ ಸುಳ್ಳು ಹೇಳಿ ಮಾರಿದೆ. ಈ ಬರಣಿಗೆ ಸುಳ್ಳು ಹಚ್ಚೂದು ಬ್ಯಾಡ. ತಳದಿಂದ ತುದಿತನಕ ಎಲ್ಲಾ ಕೇಳಸ್ರಿ, ತಾಟು ಒಗದಿದ್ದೂ ಕೇಳಸ್ರಿ.”

“ಮನಿಮಂದಿ ಮುದ್ರಿ ಇಲ್ಲಂದ್ರ ಬೆಲೆ ಬರಂಗಿಲ್ರೀ. ಮನಿ ಬಾಡಿಗಿ…”

“ಗೊತ್ತೈತಿ. ವ್ಯಾಪಾರ ನನಗ ಹೇಳಿಕೊಡ್ತೀರೇನು?” ಎಂದು ರಾಚವ್ವ ನಕ್ಕಳು.

ಹಸೀನಾ ಎದ್ದು ಒಳಗೆ ಹೋಗಿ ಮೂವರಿಗೂ ರೊಟ್ಟಿ ತಂದಳು. ರೊಟ್ಟಿ ಸೀದಿದ್ದವು.

ಅಂದು ಊರಿಗೆ ಮರಳಿದ ನೀಲಾ ಊಟಕ್ಕೆ ಕೂತಾಗ ಮಹಾಂತೇಶ ಎಂದಿನಂತೆ, “ಪಲ್ಲೆ ಛಲೋ ಆಗೇತಿ” ಎಂದ.

“ಛಲೋ ಆಗಿಲ್ಲ” ಎಂದಳು ನೀಲಾ. “ಉಪ್ಪಿಲ್ಲ ಅದಕ್ಕ. ನಿಮಗ ಗೊತ್ತೂ ಆಗೇತಿ. ಎಷ್ಟು ವರ್ಷದಿಂದ ನೀವು ನನಗ ಒಂದು ಖರೇ ಮಾತು ಹೇಳಿಲ್ಲ?”

ಮಹಾಂತೇಶ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ. ಅವನ ಮುಖ ಕೆಂಪಾಯಿತು. “ನೀ ಹೇಳೀಯೇನು? ದಿನಾ ಮಂದಿ ಮನಿ ಕೇಳಿ ಕೇಳಿ ಬರ್ತಿ. ಈ ಮನ್ಯಾಗ ಒಬ್ಬಾಂವ ಕುಂತಾನ, ಅಂವಾ ಏನಾಗ್ಯಾನಂತ ಒಂದ ದಿನ ಕೇಳೀಯೇನು?” ದನಿ ಏರಿತು. ಅವಳದೂ ಏರಿತು. ಗುರವ್ವ ಓಡಿಬಂದು, “ಬರಣಿ ಐತ್ರೋ! ಬರಣಿ!” ಎಂದು ತನ್ನ ಸೆರಗನ್ನೇ ಭರಣಿಯ ಬಾಯಿಗೆ ಮುಚ್ಚಿದಳು. ಗಂಡಹೆಂಡಿರು ಒಂದು ಕ್ಷಣ ಅವಳನ್ನೇ ನೋಡಿದರು. ಮೊದಲು ನಕ್ಕವನು ಮಹಾಂತೇಶ. ಗುರವ್ವನಿಗೆ ಸಿಟ್ಟು ಬಂದು, ಅವಳೂ ಎಷ್ಟೋ ದಿನದ ನಂತರ ಬಾಯಿತುಂಬ ಬೈದಳು. ಜಗಳ ಅಷ್ಟಕ್ಕೇ ಮುಗಿಯಲಿಲ್ಲ. ಮರುದಿನವೂ ಸ್ವಲ್ಪ ನಡೆಯಿತು. ಆದರೆ ಮಾಳಿಗೆ ಹತ್ತಲು ಯಾರೂ ಹೋಗಲಿಲ್ಲ.

ಇನಾಮದಾರರು ಮೊದಲು ಒಪ್ಪಲಿಲ್ಲ. ಅಂಗಡಿಮಂದಿಯ ಮುದ್ರೆ ಹಾಕಿದರೆ ಹಿಂದೆ ಕೊಂಡವರಿಗೆಲ್ಲ ಸತ್ಯ ತಿಳಿಸಬೇಕಾಗುತ್ತದೆ, ಕಚೇರಿಯ ಮರ್ಯಾದೆ ಏನಾಗಬೇಕು ಎಂದರು.

“ಮೇಲಿನ ಪದರಾ ಅಷ್ಟ ಕೇಳಿ ಮುದ್ರಿ ಹೊಡದಾಕಿ ನಾನ್ರಿ ಸರ್” ಎಂದಳು ನೀಲಾ. “ತಿಳಸೂ ಕೆಲಸ ನಾ ಮಾಡ್ತೀನಿ.”

ಅವಳು ಹಿಂದಿನ ಕೊಳ್ಳುಗರನ್ನು ಒಬ್ಬೊಬ್ಬರಾಗಿ ಮಾತಾಡಿಸಿದಳು. ಕೆಲವರು ಬೈದು ಭರಣಿ ಹಿಂದೆ ಕಳಿಸಿದರು. ಇನ್ನು ಕೆಲವರು ಅವಳ ಮಾತು ಮುಗಿಯುವ ಮೊದಲೇ ಫೋನ್ ಇಟ್ಟರು. ಹುಬ್ಬಳ್ಳಿಯ ಒಬ್ಬ ನಿವೃತ್ತ ರೈಲ್ವೆ ಗಾರ್ಡ್ ಮಾತ್ರ, “ಅವರು ಯಾರಽ ಇರ್ಲಿ ಬಾಯಾರ, ಸಂಜಿ ಆದ್ರ ನನ್ನ ಮನಿಗೆ ಬರ್ತಾರ. ನಾ ಕೊಡಂಗಿಲ್ಲ” ಎಂದು ಖಡಾಖಂಡಿತ ಹೇಳಿಬಿಟ್ಟ. ಹಿಂದಿರುಗಿ ಬಂದ ಭರಣಿಗಳಲ್ಲಿ ದತ್ತೋಬಾ ಕಥೆ ಹೇಳುವ ಒಂದನ್ನು ನೀಲಾ ಬಟ್ಟೆ ಸುತ್ತಿ ಬಾಗಲಕೋಟೆಗೆ ಕಳಿಸಿದಳು.

ಕೊನೆಯ ಭರಣಿ ಹರಾಜಿಗೆ ಬಂದ ದಿನ ಅದರ ಕೆಳಗೆ ನೀಲಾ ತಾನೇ ನಾಲ್ಕು ಸಾಲು ಬರೆದಳು: ‘ಮಾರುವವರು ಅಂಗಡಿಮಂದಿ. ತಳದ ಪದರದಲ್ಲಿ ಮೂವರು ಅಪರಿಚಿತರು ಒಂದು ಮನೆಯವರಂತೆ ನಟಿಸುತ್ತಾರೆ. ನಟನೆ ಎಲ್ಲಿ ನಿಂತಿತು ಎಂದು ನನಗೆ ಗುರುತಿಸಲಾಗಲಿಲ್ಲ. ಕೊನೆಯಲ್ಲಿ ಅವರಲ್ಲೊಬ್ಬರು ತೀರಿಕೊಳ್ಳುತ್ತಾರೆ.’ ಫೋಟೋ ಮಾತ್ರ ಚೆನ್ನಾಗಿ, ಸ್ಪಷ್ಟವಾಗಿ ಬರುವಂತೆ ರಾಚವ್ವನೇ ತೆಗೆಸಿದ್ದಳು.

ಬಹಳ ಹೊತ್ತು ಯಾರೂ ಕೂಗಲಿಲ್ಲ. ನೀಲಾ ಪರದೆಯ ಮುಂದೆ ಕೂತೇ ಇದ್ದಳು. ಎಷ್ಟೋ ಜನ ಬಂದು, ಕೇಳಿ, ಹೋಗುತ್ತಿದ್ದರು. ಹರಾಜು ಮುಚ್ಚುವ ಹೊತ್ತಿಗೆ ಒಂದೇ ಒಂದು ಕೂಗು ಬಂತು. ಕಲಬುರಗಿಯಲ್ಲಿ ದುಡಿಯುವ ಹೆಣ್ಣುಮಕ್ಕಳ ಒಂದು ವಸತಿನಿಲಯದಿಂದ. ಬೆಲೆ ಹೆಚ್ಚಿನದಲ್ಲ. ಅದರ ಜೊತೆ ಒಂದು ಮಾತು ಬರೆದಿದ್ದರು: ‘ನಾವೂ ಇಲ್ಲಿ ಒಬ್ಬರಿಗೊಬ್ಬರು ಪರಿಚಯವಿಲ್ಲದವರು. ಒಂದೇ ಅಡುಗೆಮನೆ. ಇವರು ಹೆಂಗ ಮಾಡಿದ್ರು ಅಂತ ಕೇಳಬೇಕಾಗಿತ್ತು.’

ಆ ಬೆಲೆಯಿಂದ ರಾಚವ್ವನ ಭರಣಿ ವ್ಯಾಪಾರ ಮುಂದುವರಿಯುವಂತಿರಲಿಲ್ಲ. ಹೊಸ ಭರಣಿ ಇಡುವುದನ್ನು ಅವಳು ಬಿಟ್ಟಳು. ನವನಗರದಲ್ಲಿ ಮತ್ತೆ ಹಳೆಯ ಸಾಮಾನಿನ ಅಂಗಡಿ ತೆಗೆದಳು. ಹಸೀನಾ ಹೊಲಿಗೆಯ ಕೆಲಸ ಹಿಡಿದಳು. ಆದರೆ ನೀರಿನ ಅಂಚಿನ ಮನೆಯನ್ನು ಇಬ್ಬರೂ ಬಿಡಲಿಲ್ಲ. ವರ್ಷ ವರ್ಷ ನೀರು ನುಗ್ಗುವ ಮನೆಗೆ ಬೇರೆ ಯಾರೂ ಬರುವವರಿರಲಿಲ್ಲ, ಹಾಗಾಗಿ ಮಾಲೀಕನೂ ಒತ್ತಾಯ ಮಾಡಲಿಲ್ಲ. ಸಂಜೆಯಾದರೆ ಇಬ್ಬರೂ ಅಲ್ಲಿಗೇ ಬರುತ್ತಿದ್ದರು.

ಬನಶಂಕರಿ ದೇವಿಯ ದರ್ಶನಕ್ಕೆ ಹೋಗುವಾಗ ಒಂದು ಭಾನುವಾರ ನೀಲಾ ಗಂಡನನ್ನೂ ಅತ್ತೆಯನ್ನೂ ಕರೆದುಕೊಂಡು ಅಲ್ಲಿಗೆ ಹೋದಳು. ಹಿನ್ನೀರು ಮೇಲಿನ ಮೆಟ್ಟಿಲಿನ ತನಕ ಬಂದಿತ್ತು. ಮನೆ ತೇಲುತ್ತಿದೆಯೇನೋ ಎಂಬಂತಿತ್ತು. ನೀರಿನ ಮೇಲಿನ ಬೆಳಕು ಒಳಗಿನ ಗೋಡೆಗಳ ಮೇಲೆ ಅಲುಗುತ್ತಿತ್ತು. ಗುರವ್ವ ಮತ್ತು ರಾಚವ್ವ ಒಂದೇ ಗಳಿಗೆಯಲ್ಲಿ ಗೆಳತಿಯರಾಗಿ, ಬೆಳ್ಳುಳ್ಳಿ ಬಿಡಿಸುತ್ತ, ಕಂಡವರನ್ನೆಲ್ಲ ಆಡಿಕೊಳ್ಳತೊಡಗಿದರು. ಮಹಾಂತೇಶ ಮೆಟ್ಟಿಲ ಮೇಲೆ ಕೂತು ಕಾಲನ್ನು ನೀರಿಗೆ ಬಿಟ್ಟಿದ್ದ.

ಒಲೆಯ ಪಕ್ಕದ ಹಲಗೆ ಖಾಲಿ ಇತ್ತು. ದತ್ತೋಬಾನ ಭರಣಿಯನ್ನು ಒಳಕೋಣೆಯಲ್ಲಿ, ಒಲೆಯ ಕಾವು ತಾಗದ ಕಡೆ ಇಟ್ಟಿದ್ದರು. ಉಪ್ಪಿನಕಾಯಿ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿತ್ತು. ನೀಲಾ ಮರೆಯದೆ ಆ ಕಡೆ ನೋಡಿದ್ದನ್ನು ಕಂಡ ಹಸೀನಾ ಕಣ್ಣು ಮಿಟುಕಿಸಿದಳು. ಆಮೇಲೆ ರೊಟ್ಟಿ ಬಡಿಯುತ್ತಲೇ ಅವಳು ಏನೋ ಒಂದು ಮಾತು ಹೇಳಿದಳು. ದತ್ತೋಬಾನ ಕಂಪನಿಯ ರಾಜನೊಬ್ಬನ ಮೀಸೆಯ ವಿಷಯವೋ, ಮತ್ತೇನೋ. ಗುರವ್ವ ಬೆಳ್ಳುಳ್ಳಿ ಚೆಲ್ಲಿ ನಕ್ಕಳು. ರಾಚವ್ವ ಗೋಡೆಗೆ ಒರಗಿ ನಕ್ಕಳು. ಹೊರಗಿದ್ದ ಮಹಾಂತೇಶ ಏನೆಂದು ತಿಳಿಯದೆಯೇ ನಗತೊಡಗಿದ. ನೀಲಾಳಿಗೆ ಉಸಿರು ಎಳೆದುಕೊಳ್ಳಲೂ ಪುರಸೊತ್ತಾಗಲಿಲ್ಲ, ನೋವು ಬರುವಷ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ತೆರೆದ ಬಾಗಿಲಿನಿಂದ ಹೊರಟು, ಮುಳುಗಿದ ಓಣಿಗಳ ಮೇಲೆ, ನೀರಿನ ಉದ್ದಕ್ಕೂ ಹೋಗಿ ಎಲ್ಲೋ ಕರಗಿತು.

ಹಸೀನಾ ಅಂದು ಹೇಳಿದ ಮಾತೇನು ಎಂದು ಮನೆಗೆ ಮರಳುವ ದಾರಿಯಲ್ಲಿ ಮಹಾಂತೇಶ ಕೇಳಿದ. ನೀಲಾ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಗುರವ್ವನಿಗೂ ನೆನಪಿರಲಿಲ್ಲ.